ಬಿಟ್ಟುಬಿಡಬೇಡಿ, ಬರೆದಿಡಿ

ಪ್ರಶ್ನೆ: ಅಂಗವಿಕಲ ಮಕ್ಕಳ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಮಾತು ಬಾರದ ಹುಡುಗನ ಬೆನ್ನ ಮೇಲೆ ಬಾಸುಂಡೆ ಕಂಡೆ. ಮೇಲಿನವರು ‘ಬಿದ್ದಿರಬೇಕು, ಬಿಟ್ಟುಬಿಡು’ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಕೊಂಕಲ್

ಉತ್ತರ: ಮೊದಲು ಮಗುವಿಗೆ ಚಿಕಿತ್ಸೆ ಕೊಡಿಸಿ, ಪಾಲಕರಿಗೆ ತಿಳಿಸಿ. ಅಂದೇ ದಿನಾಂಕ, ಸಮಯ, ಕಂಡ ಗಾಯ, ಹಾಜರಿದ್ದವರು ಇಷ್ಟನ್ನೂ ಬರೆದು ಸಹಿ ಹಾಕಿ. ಊಹೆ ಬೇಡ, ಕಂಡದ್ದಷ್ಟೇ ಸಾಕು. ಕೇಂದ್ರಕ್ಕೆ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಕೇಂದ್ರದವರು ಸುಮ್ಮನಿದ್ದರೂ ನೀವು ಸುಮ್ಮನಿರಬೇಕಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 7ನೇ ಕಲಮಿನಂತೆ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರರಿಗೆ, ಮಾಹಿತಿ ಕೊಡಬಹುದು. ಅರ್ಜಿ ಬರೆಯಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದೇ ಅಪರಾಧ.