ಕಾಯಿ ಲೆಕ್ಕದ ಕೂಲಿ ಮತ್ತು ಕನಿಷ್ಠ ವೇತನ

ಹಂದನಕೆರೆ, ತಿಪಟೂರು ಕಡೆ ಅಟ್ಟದಿಂದ ಇಳಿಸಿದ ಕಾಯಿಯ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಗೆ ಪೆಟ್ಟಾಗದಂತೆ ಬಿಡಿಸುವವರಿಗೆ ಕಾಯಿ ಎಣಿಸಿ ಕೂಲಿ ಕೊಡುವುದು ರೂಢಿ. ಹೀಗೆ ಲೆಕ್ಕದ ಮೇಲೆ ಕೊಟ್ಟರೆ ಕನಿಷ್ಠ ವೇತನದ ಮಾತೇ ಬರುವುದಿಲ್ಲ ಎಂಬ ನಂಬಿಕೆ ತಪ್ಪು. ತುಂಡುಗೆಲಸಕ್ಕೆ ಪ್ರತ್ಯೇಕ ದರ ನಿಗದಿಯಾಗದೆ ಕಾಲಾವಧಿಯ ದರವಷ್ಟೇ ಇದ್ದಾಗ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ಹಳೆಯ ಕಾಯ್ದೆ ಅನುಸೂಚಿತ ಉದ್ಯೋಗಗಳಿಗೆ ಸೀಮಿತವಾಗಿತ್ತು. ಸಂಹಿತೆಯಲ್ಲಿ ಆ ಮಿತಿಯಿಲ್ಲ.

ಕೊಬ್ಬರಿ ಧಾರಣೆ ಬಿದ್ದಾಗ ಸಣ್ಣ ಮಾಲೀಕ ಎಲ್ಲಿಂದ ತರಬೇಕು ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ 1954ರ ಬಿಜಯ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಲವು ಮಾಲೀಕರಿಗೆ ಕಷ್ಟವಾಗುತ್ತದೆ ಎಂಬುದರಿಂದ ಕಾಯ್ದೆ ಅಸಿಂಧುವಾಗದು ಎಂದಿತು. ಕೂಲಿಯವರೇ ಒಪ್ಪಿದ್ದಾರಲ್ಲ ಎಂಬ ಎರಡನೆಯ ವಾದವೂ ನಿಲ್ಲದು. ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕಾರ್ಮಿಕರ ಕುರಿತ 1982ರ ಏಷ್ಯಾಡ್ ಪ್ರಕರಣದಲ್ಲಿ ಅದೇ ಕೋರ್ಟಿನ, ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ, ಕನಿಷ್ಠಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಹೇಳಿತು. ಹಸಿವಿನ ಒತ್ತಡವೂ ಬಲವಂತವೇ ಎಂಬುದು ಅದರ ತರ್ಕ. ಹಾಗಾಗಿ ಮಾಲೀಕ ಬರೀ ಕಾಯಿಯ ಎಣಿಕೆ ಬರೆದಿಟ್ಟರೆ ಸಾಲದು. ಯಾರು ಎಷ್ಟು ಹೊತ್ತು ದುಡಿದರು, ಕೈಗೆ ಎಷ್ಟು ಸಂದಿತು ಎಂಬುದೂ ವಹಿಯಲ್ಲಿರಬೇಕು.