ಲಾಟರಿ, ನಗು ಮತ್ತು ದ್ರೋಹ: ಒಂದು ಚಿತ್ರಕಥೆಯನ್ನು ತೂಗುವ ಬಗೆ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಪಾಠರೂಪದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದರು. ನಾನು ವ್ಯಾಕರಣವನ್ನು ಕಲಿಸಿ ನಿವೃತ್ತನಾದವನು. ಆದರೆ ಕಳೆದ ಮಳೆಗಾಲದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ತಾನು ಬರೆದ ಚಿತ್ರಕಥೆಯನ್ನು ತಂದು, “ಮಾಷ್ಟ್ರೇ, ಕೆಂಪು ಶಾಯಿಯಲ್ಲೇ ತಿದ್ದಿಕೊಡಿ, ದಾಕ್ಷಿಣ್ಯ ಬೇಡ” ಎಂದು ನನ್ನ ಕೈಗಿತ್ತನು. ಅದನ್ನು ತೂಗಿ ನೋಡುವಾಗ ನಾನು ಹಿಡಿದ ಮಾನದಂಡಗಳನ್ನೇ ಇಲ್ಲಿ ಪಾಠವಾಗಿ ನಿವೇದಿಸುತ್ತೇನೆ.

ಕಥೆ ಇಷ್ಟು: ಮೂವರು ಗೆಳೆಯರು ಪಾಲು ಹಾಕಿ ಕೊಂಡ ಟಿಕೆಟಿಗೆ 25 ಕೋಟಿ ರೂಪಾಯಿಗಳ ಓಣಂ ಬಂಪರ್ ಬರುತ್ತದೆ. ಟಿಕೆಟು ಯಾರ ಬಳಿ ಇದೆಯೋ ಅವನು ಉಳಿದಿಬ್ಬರನ್ನು ವಂಚಿಸುತ್ತಾನೆ. ಕೊನೆಗೆ ಒಂದು ಶವ, ಮೂರು ಸುಳ್ಳು, ಊರಿಗೆಲ್ಲ ನಗು. ಸಾವು, ವಂಚನೆ, ಹಣದಾಸೆಗಳಂತಹ ಅಳಬೇಕಾದ ಸಂಗತಿಗಳನ್ನು ನಗಿಸುತ್ತಲೇ ಮನಸ್ಸಿಗೆ ನಾಟಿಸುವ ಈ ಬಗೆಯನ್ನು ಕರಾಳ ಹಾಸ್ಯವೆನ್ನುತ್ತಾರೆ.

1. ವ್ಯವಹಾರದ ಸತ್ಯ

ಹಾಸ್ಯವು ಎಷ್ಟೇ ಅತಿರಂಜಿತವಾಗಿರಲಿ, ಅದರ ಬುನಾದಿ ಸತ್ಯವಾಗಿರಬೇಕು. ನಮ್ಮ ಕಾಸರಗೋಡಿನ ಓದುಗರಿಗೆ ಲಾಟರಿ ಅಪರಿಚಿತವಲ್ಲ. ಕೇರಳ ಸರಕಾರ 1967ರಲ್ಲಿ ಲಾಟರಿಯನ್ನು ಆರಂಭಿಸಿತು. ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು. ಟಿಕೆಟಿನ ಬೆಲೆ 1 ರೂಪಾಯಿ, ಪ್ರಥಮ ಬಹುಮಾನ 50,000 ರೂಪಾಯಿ. ತಮಿಳುನಾಡು 2003ರಲ್ಲಿ, ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿದವು. ಗಡಿಯ ಈಚೆಗೆ ಅದು ಇಂದಿಗೂ ನಡೆದಿದೆ.

ನನ್ನ ವಿದ್ಯಾರ್ಥಿಯ ನಾಯಕನು ಮರುದಿನವೇ 25 ಕೋಟಿಯನ್ನು ಗೋಣಿಚೀಲಗಳಲ್ಲಿ ತುಂಬಿ ತರುತ್ತಾನೆ. ಇದಕ್ಕೆ ಮೊದಲ ಕೆಂಪು ಗೆರೆ ಎಳೆದೆ. ಬಹುಮಾನದಿಂದ ಏಜೆಂಟರ ಕಮಿಷನ್ ಶೇಕಡಾ 10 ಕಳೆಯುತ್ತದೆ. ಉಳಿದ ಇಪ್ಪತ್ತೆರಡೂವರೆ ಕೋಟಿಯಿಂದ ಶೇಕಡಾ 30 ಆದಾಯ ತೆರಿಗೆ ಮೂಲದಲ್ಲಿಯೇ ಕಡಿತವಾಗುತ್ತದೆ. ಕೈಗೆ ಬರುವುದು 15 ಕೋಟಿ 75 ಲಕ್ಷ. ಮೂವರಿಗೆ ಹಂಚಿದರೆ ತಲಾ ಐದೂಕಾಲು ಕೋಟಿ. ಎಂಟು ಕೋಟಿಯ ಕನಸು ಕಂಡವನಿಗೆ ಐದೂಕಾಲು ಕೋಟಿ ನಷ್ಟವೆಂದು ತೋರುವುದಿದೆಯಲ್ಲ, ನಗುವೂ ದ್ರೋಹವೂ ಒಟ್ಟಿಗೆ ಮೊಳೆಯುವುದು ಅಲ್ಲಿಯೇ! ಇನ್ನೊಂದು ಮಾತು: ಬಹುಮಾನದ ಟಿಕೆಟಿನ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ, 30 ದಿನಗಳೊಳಗೆ ಹಾಜರುಪಡಿಸಬೇಕು. ಆ ಖಾಲಿ ಹಿಂಬದಿ ಮತ್ತು ಆ 30 ದಿನಗಳು ಚಿತ್ರಕಥೆಗಾರನಿಗೆ ಸಿಕ್ಕ ನಿಧಿ. ಈತ ಅದನ್ನು ಮುಟ್ಟಿಯೇ ಇರಲಿಲ್ಲ.

2. ನಗುವಿನ ಮೂಲ

ಹೋಲಿಕೆಗಾಗಿ ಅವನಿಗೆ 1998ರ ‘ವೇಕಿಂಗ್ ನೆಡ್’ ಎಂಬ ಚಿತ್ರವನ್ನು ನೋಡಲು ಹೇಳಿದೆ. ಅದನ್ನು ಬರೆದು ನಿರ್ದೇಶಿಸಿದವರು ಕಿರ್ಕ್ ಜೋನ್ಸ್. ಐರ್ಲೆಂಡಿನ ಒಂದು ಪುಟ್ಟ ಹಳ್ಳಿಯಲ್ಲಿ ನೆಡ್ ಎಂಬ ಮುದುಕನಿಗೆ ಲಾಟರಿ ಹೊಡೆಯುತ್ತದೆ. ಆ ಆಘಾತಕ್ಕೇ ಅವನು ಟಿಕೆಟನ್ನು ಹಿಡಿದುಕೊಂಡು ಸಾಯುತ್ತಾನೆ. ಜಾಕಿ, ಮೈಕೇಲ್ ಎಂಬ ವೃದ್ಧ ಮಿತ್ರರು ಅವನು ಬದುಕಿರುವಂತೆ ನಟಿಸಿ ಹಣ ಪಡೆಯಲು ಹೊರಡುತ್ತಾರೆ; ಊರಿಗೆ ಊರೇ ಆ ಸುಳ್ಳಿನಲ್ಲಿ ಪಾಲುದಾರನಾಗುತ್ತದೆ.

ಅದರ ಶ್ರೇಷ್ಠ ದೃಶ್ಯ ನೆಡ್‌ನ ಅಂತ್ಯಕ್ರಿಯೆಯದು. ಜಾಕಿ ಮಾತನಾಡಲು ನಿಂತಿರುವಾಗ ಲಾಟರಿ ಅಧಿಕಾರಿ ಇಗರ್ಜಿಯೊಳಗೆ ಬರುತ್ತಾನೆ. ಸತ್ತವನ ಹೆಸರೆತ್ತುವಂತಿಲ್ಲ. ಜಾಕಿ ಥಟ್ಟನೆ ಮಾತನ್ನು ತಿರುಗಿಸಿ, ಎದುರಿಗೇ ಜೀವಂತ ಕುಳಿತಿರುವ ಮೈಕೇಲನಿಗೆ ಚರಮಶ್ಲೋಕ ಹೇಳುತ್ತಾನೆ. ಗೆಳೆಯನೊಬ್ಬನ ಬಗ್ಗೆ ಅವನು ಬದುಕಿರುವಾಗ ನಾವು ಹೇಳದೆ ಉಳಿಸಿಕೊಳ್ಳುವ ಮಾತುಗಳೆಲ್ಲ ಒಂದು ಮೋಸದ ನೆಪದಲ್ಲಿ ಹೊರಬರುತ್ತವೆ. ನಗುತ್ತಿದ್ದವರ ಕಣ್ಣು ಒದ್ದೆಯಾಗುತ್ತದೆ. ನಗುವು ಪಾತ್ರದ ಇಕ್ಕಟ್ಟಿನಿಂದ ಹುಟ್ಟಬೇಕೇ ಹೊರತು ಮುಖಚೇಷ್ಟೆಯಿಂದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

3. ದ್ರೋಹಿಯ ಅರ್ಥಗಾರಿಕೆ

ಆದರೆ ಅದೇ ಚಿತ್ರದಲ್ಲಿ ನಾನು ಒಪ್ಪದ ಭಾಗವೂ ಇದೆ. ಲಿಜ್ಜಿ ಎಂಬ ಸಿಡುಕಿನ ಮುದುಕಿ ಹೆಚ್ಚಿನ ಪಾಲು ಕೊಡದಿದ್ದರೆ ಗುಟ್ಟು ರಟ್ಟು ಮಾಡುವೆನೆನ್ನುತ್ತಾಳೆ. ಅವಳು ದೂರವಾಣಿ ಪೆಟ್ಟಿಗೆಯಲ್ಲಿ ನಿಂತಿರುವಾಗ ವಾಹನವೊಂದು ಅದಕ್ಕೆ ಬಡಿದು, ಪೆಟ್ಟಿಗೆಯ ಸಮೇತ ಅವಳು ಕಡಿದಾದ ದಂಡೆಯಿಂದ ಕೆಳಕ್ಕೆ ಹೋಗುತ್ತಾಳೆ. ಪ್ರೇಕ್ಷಕರು ನಗುತ್ತಾರೆ, ನಿಜ. ಆದರೆ ಅವಳ ಪಕ್ಷದ ಮಾತನ್ನು ಯಾರೂ ಆಡಲಿಲ್ಲ.

ನಮ್ಮ ತಾಳಮದ್ದಳೆಯನ್ನು ನೆನೆಯಿರಿ. ಕೌರವನ ಅರ್ಥಧಾರಿಗೂ ಒಂದು ವಾದವಿರುತ್ತದೆ. ಅದು ಗಟ್ಟಿಯಾದಷ್ಟೂ ಕೂಟ ಕಳೆಯೇರುತ್ತದೆ. ‘ಕರ್ಣಭೇದನ’ದಲ್ಲಿ ಕೃಷ್ಣನು ಕರ್ಣನ ಮುಂದೆ ಒಡ್ಡುವುದೂ ಒಂದರ್ಥದಲ್ಲಿ ಆಕಸ್ಮಿಕ ಭಾಗ್ಯವೇ. ರಾಜ್ಯ ಬೇಕೋ, ಉಂಡ ಮನೆಯ ಋಣ ಬೇಕೋ ಎಂದು ಅವನು ತೂಗುವ ಹೊತ್ತೇ ಆ ಪ್ರಸಂಗದ ಜೀವಾಳ. ನನ್ನ ವಿದ್ಯಾರ್ಥಿಯ ದ್ರೋಹಿಯಾದರೋ ಫಲಿತಾಂಶ ಓದಿದ ಮರುಕ್ಷಣವೇ ದ್ರೋಹಿಯಾಗುತ್ತಾನೆ. ಅದು ಹಾಗಲ್ಲವೆಂದು ನಾನು ಬಲ್ಲೆ. ಹೇಗೆ ಬಲ್ಲೆನೆಂಬುದನ್ನೂ ಈ ಸಂಚಿಕೆಯಲ್ಲಿ ಹೇಳಿಬಿಡುತ್ತೇನೆ.

1970ರ ದಶಕದಲ್ಲಿ ನಾನೂ ಒಬ್ಬ ಸಹೋದ್ಯೋಗಿಯೂ ಪ್ರತಿ ತಿಂಗಳು ಎಂಟೆಂಟಾಣೆ ಹಾಕಿ ಒಂದು ಟಿಕೆಟು ಕೊಳ್ಳುತ್ತಿದ್ದೆವು. ಅದು ನನ್ನ ಜೇಬಿನಲ್ಲಿರುತ್ತಿತ್ತು. ಒಮ್ಮೆ ನೂರು ರೂಪಾಯಿ ಬಂತು. ಎರಡು ರಾತ್ರಿ ನಾನು ಬಾಯಿ ಬಿಡಲಿಲ್ಲ. ‘ಮಗುವಿಗೆ ಔಷಧಿ ತರಬೇಕು, ಅವರಿಗೆ ತೋಟವಿದೆ, ಮುಂದಿನ ತಿಂಗಳ ಟಿಕೆಟನ್ನು ನಾನೇ ಕೊಂಡರಾಯಿತು’ ಎಂದು ಮಲಗಿದಲ್ಲೇ ನನ್ನ ಪರವಾಗಿ ನಾನೇ ಅರ್ಥ ಹೇಳಿಕೊಂಡೆ. ಮೂರನೆಯ ದಿನ ಬೆಳಗ್ಗೆ ಐವತ್ತು ರೂಪಾಯಿಗಳನ್ನು ಅವರ ಮೇಜಿನ ಮೇಲಿಟ್ಟೆ. ಅವರು, “ನಂಬರನ್ನು ನಾನೂ ಬರೆದಿಟ್ಟುಕೊಂಡಿದ್ದೆ, ಪೇಪರಿನಲ್ಲಿ ನೋಡಿದ್ದೆ” ಎಂದಷ್ಟೇ ಹೇಳಿ ತರಗತಿಗೆ ಹೊರಟರು. ಆ ಎರಡು ದಿನ ಅವರು ನನ್ನನ್ನು ಕೇಳಲಿಲ್ಲ, ಕಾದರು. ಅವರು ಈಗ ಇಲ್ಲ. ಆ ಮೇಲೆ ನಾವು ಟಿಕೆಟು ಕೊಳ್ಳಲೂ ಇಲ್ಲ.

4. ಮುಕ್ತಾಯದ ತೂಕ

ಕರಾಳ ಹಾಸ್ಯದ ಕೊನೆಯಲ್ಲಿ ಉಪದೇಶ ಬೇಡ. ಬೆಲೆ ಯಾರು ತೆತ್ತರೆಂಬುದು ಕಾಣಬೇಕು. ‘ವೇಕಿಂಗ್ ನೆಡ್’ನಲ್ಲಿ ಮ್ಯಾಗಿ ಎಂಬ ತಾಯಿ, ತನ್ನ ಹುಡುಗ ನೆಡ್‌ನ ಮಗನೆಂಬ ಗುಟ್ಟನ್ನು ಜಾಕಿಗೆ ಮಾತ್ರ ಹೇಳುತ್ತಾಳೆ. ಬಾಯಿ ಬಿಟ್ಟರೆ ಇಡೀ ಹಣ ಹುಡುಗನದು. ಆದರೆ ಅವನಿಗೆ ಹಣಕ್ಕಿಂತ ತಂದೆಯೊಬ್ಬ ಬೇಕೆಂದು ಸುಮ್ಮನಾಗುತ್ತಾಳೆ. ಊರವರ ಗದ್ದಲದ ನಗುವಿನ ನಡುವೆ ಈ ಮೌನವೇ ಚಿತ್ರದ ತಕ್ಕಡಿಯನ್ನು ಸಮಗೊಳಿಸುತ್ತದೆ.

ಇಷ್ಟನ್ನೂ ಬರೆದು ನೂರಕ್ಕೆ ನಲವತ್ತೆರಡು ಅಂಕ ಕೊಟ್ಟು ಹಸ್ತಪ್ರತಿಯನ್ನು ಹಿಂದಿರುಗಿಸಿದೆ. ತಿಂಗಳ ಬಳಿಕ ಅವನು ಹೊಸ ದೃಶ್ಯವೊಂದನ್ನು ತಂದು ಓದಿದನು. ಟಿಕೆಟು ಇಟ್ಟುಕೊಂಡವನು ಎರಡು ರಾತ್ರಿ ಮಲಗುವುದಿಲ್ಲ. ಗೆಳೆಯನ ಬಳಿಯೂ ನಂಬರು ಇದೆ, ಅವನು ಕೇಳುವುದಿಲ್ಲ. ಓದುತ್ತ ಅವನು ನಕ್ಕನು. ನಾನೂ ನಕ್ಕೆ, ಆದರೆ ಕನ್ನಡಕವನ್ನು ತೆಗೆದು ಒರೆಸಿಕೊಳ್ಳಬೇಕಾಯಿತು. ಅಂಕವನ್ನು ತಿದ್ದಿಕೊಟ್ಟೆ.

ಗಡಿಯ ಈಚೆಗಿದ್ದೂ ಕನ್ನಡದಲ್ಲಿಯೇ ಕಥೆ ಬರೆಯುವ ಮಕ್ಕಳನ್ನು ಈ ಶಾಲೆ 50 ವರ್ಷಗಳಿಂದ ತಯಾರು ಮಾಡಿದೆ. ಅದು ಯಾವ ಡ್ರಾದಲ್ಲಿಯೂ ಬಂದ ಭಾಗ್ಯವಲ್ಲ; ಅನೇಕರು ಪಾಲು ಹಾಕಿ, ಯಾರೂ ಪಾಲು ಕೇಳದೆ ಕಟ್ಟಿದ್ದು. ಶಾಲೆಗೆ ಶುಭವಾಗಲಿ.