ಜನ್ಮದಿನಾಂಕದ ವಯಸ್ಸು ಮತ್ತು ಹೃದಯದ ವಯಸ್ಸು

ಪ್ರತಿವರ್ಷ ನವೆಂಬರ್ ತಿಂಗಳಿನಲ್ಲಿ ನಿವೃತ್ತಿವೇತನ ಪಡೆಯುವ ಹಿರಿಯರು ತಾವು ಜೀವಂತವಾಗಿರುವುದಕ್ಕೆ ಪ್ರಮಾಣಪತ್ರ ಸಲ್ಲಿಸಲು ಬ್ಯಾಂಕಿಗೆ ಬರುತ್ತಾರೆ. ಅವರ ದಾಖಲೆಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮ ಹಳ್ಳಿಗಳ ಕಡೆಯಿಂದ ಬಂದ ಅನೇಕರ ಜನ್ಮದಿನಾಂಕ ಜೂನ್ 1. ಶಾಲೆಗೆ ಸೇರಿಸುವ ದಿನ ಮುಖ್ಯೋಪಾಧ್ಯಾಯರು ಅಂದಾಜಿನಿಂದ ಬರೆದುಕೊಂಡ ದಿನಾಂಕವದು. ಹೀಗೆ ಒಂದೇ ವರ್ಷದ ಜೂನ್ 1ರಂದು ಜನಿಸಿದರೆಂದು ದಾಖಲಾದ ಇಬ್ಬರಲ್ಲಿ ಒಬ್ಬರು ಸಲೀಸಾಗಿ ಮೆಟ್ಟಿಲೇರಿ ಬಂದು, ಊರಿನ ಮಳೆ ಬೆಳೆಯ ಸುದ್ದಿ ಹೇಳಿ ಹೋಗುತ್ತಾರೆ. ಇನ್ನೊಬ್ಬರು ಮಗನ ತೋಳು ಹಿಡಿದು ಬಂದು, ಏದುಸಿರು ಇಳಿಯುವವರೆಗೆ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಕಡತದ ಲೆಕ್ಕದಲ್ಲಿ ಇಬ್ಬರೂ ಸಮವಯಸ್ಕರು; ದೇಹದ ಲೆಕ್ಕದಲ್ಲಿ ಅಲ್ಲ.

ಈ ವ್ಯತ್ಯಾಸವನ್ನು ಅಳೆಯಲು ಸಾಧ್ಯವೇ? ಅಳೆದರೆ ಮುಂದೆ ಬರಬಹುದಾದ ಹೃದ್ರೋಗವನ್ನು ಮೊದಲೇ ಅರಿಯಬಹುದೇ? ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ವಿದ್ಯಾರ್ಥಿ. ಆದರೆ ಈ ಪ್ರಶ್ನೆ ನನ್ನ ಮನೆಬಾಗಿಲಿಗೇ ಬಂದುದರಿಂದ ಓದಿ ತಿಳಿದುಕೊಂಡದ್ದನ್ನು ಸಂಘದ ಬಂಧುಗಳ ಮುಂದಿಡುತ್ತಿದ್ದೇನೆ.

ಎರಡು ಬಗೆಯ ವಯಸ್ಸು

ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬುದೊಂದಿದೆ. ಒಂದೇ ದಿನ ಕೊಂಡ ಎರಡು ಯಂತ್ರಗಳ ಮೌಲ್ಯವನ್ನು ಪುಸ್ತಕದಲ್ಲಿ ವರ್ಷಕ್ಕಿಷ್ಟು ಎಂದು ಸಮನಾಗಿ ಇಳಿಸುತ್ತಾ ಹೋಗುತ್ತೇವೆ. ಆದರೆ ಎಣ್ಣೆ ಕಾಣದೆ ಹಗಲಿರುಳು ದುಡಿದ ಯಂತ್ರದ ನಿಜವಾದ ಸವೆತ ಪುಸ್ತಕದ ಅಂಕಿಗಿಂತ ಬಹಳ ಹೆಚ್ಚಿರುತ್ತದೆ. ದೇಹಕ್ಕೂ ಇದೇ ನ್ಯಾಯ. ಜನ್ಮದಿನಾಂಕ ಹೇಳುವುದು ಪುಸ್ತಕದ ವಯಸ್ಸು. ಅಂಗಾಂಗಗಳ ಸವೆತ ಹೇಳುವುದು ಜೈವಿಕ ವಯಸ್ಸು.

ಹೃದಯದ ವಿಷಯದಲ್ಲಿ ಈ ಸವೆತವನ್ನು ಲೆಕ್ಕಕ್ಕಿಳಿಸಿದ ಕೀರ್ತಿ ಅಮೆರಿಕದ ಬಾಸ್ಟನ್ ಬಳಿಯ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ನಡೆದ ಅಧ್ಯಯನಕ್ಕೆ ಸಲ್ಲಬೇಕು. 1948ರಲ್ಲಿ ಆರಂಭವಾದ ಈ ಅಧ್ಯಯನ 5,209 ಸ್ತ್ರೀಪುರುಷರನ್ನು ದಶಕಗಳ ಕಾಲ ಗಮನಿಸುತ್ತಾ ಬಂದಿತು. ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ, ಮಧುಮೇಹ ಇವುಗಳಿಗೂ ಹೃದಯಾಘಾತಕ್ಕೂ ಇರುವ ನಂಟನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟಿತು. 2008ರಲ್ಲಿ ಅದೇ ಅಧ್ಯಯನದ ವಿಜ್ಞಾನಿಗಳು 'ಹೃದಯದ ವಯಸ್ಸು' ಎಂಬ ಸರಳ ಲೆಕ್ಕವೊಂದನ್ನು ಪ್ರಕಟಿಸಿದರು. ನಮ್ಮಷ್ಟೇ ಅಪಾಯ ಇರುವ, ಆದರೆ ರಕ್ತದೊತ್ತಡ ಮೊದಲಾದವೆಲ್ಲ ಸರಿಯಾಗಿರುವ ವ್ಯಕ್ತಿಯ ವಯಸ್ಸು ಎಷ್ಟಿರುತ್ತದೆಯೋ ಅದೇ ನಮ್ಮ ಹೃದಯದ ವಯಸ್ಸು.

ನನ್ನ 46ನೆಯ ವಯಸ್ಸಿನಲ್ಲಿ ವೈದ್ಯರೊಬ್ಬರು ಈ ಲೆಕ್ಕ ಹಾಕಿದರು. ಹತ್ತು ವರ್ಷಗಳೊಳಗೆ ಹೃದಯ ಅಥವಾ ರಕ್ತನಾಳಗಳ ರೋಗ ಬರುವ ಸಂಭವ ನೂರಕ್ಕೆ ಸುಮಾರು ಹನ್ನೊಂದು ಎಂದಾಗ, ಉಳಿದ ಎಂಬತ್ತೊಂಬತ್ತು ನನ್ನ ಪಾಲಿಗಿದೆಯಲ್ಲ ಎಂದು ಸಮಾಧಾನಪಟ್ಟೆ. ಆಗ ಅವರು, "ನಿಮ್ಮ ಹೃದಯದ ವಯಸ್ಸು 57" ಎಂದರು. ನನ್ನ ಸಮಾಧಾನ ಅಲ್ಲಿಗೇ ಮುಗಿಯಿತು. ನೂರು ಸಾಲಗಳಲ್ಲಿ ಹನ್ನೊಂದು ಮುಳುಗುವ ಶಾಖೆಯ ಬಗ್ಗೆ ಯಾವ ಅಧಿಕಾರಿ ನೆಮ್ಮದಿಯಿಂದ ಇರಬಲ್ಲ? ಶೇಕಡಾ ಲೆಕ್ಕದಲ್ಲಿ ವಯಸ್ಸಿಗೇ ದೊಡ್ಡ ಪಾಲು ಇರುವುದರಿಂದ ನಲವತ್ತರ ಆಸುಪಾಸಿನವರಿಗೆ ಬರುವ ಅಂಕಿ ಸಾಮಾನ್ಯವಾಗಿ ಸಣ್ಣದು. ಹೃದಯದ ವಯಸ್ಸು ಆ ಮರೆಯನ್ನು ಸರಿಸಿ ತೋರಿಸುತ್ತದೆ.

ಧಮನಿಗಳ ಸವೆತ

ನಿಮಿಷಕ್ಕೆ 70 ಬಾರಿ ಬಡಿಯುವ ಹೃದಯ ದಿನಕ್ಕೆ 1,00,800 ಬಾರಿ, ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಮಹಾಧಮನಿ ಹಿಗ್ಗಿ ಮತ್ತೆ ಕುಗ್ಗಬೇಕು. ಅದರ ಗೋಡೆಯಲ್ಲಿರುವ ಎಲಾಸ್ಟಿನ್ ಎಂಬ ರಬ್ಬರಿನಂತಹ ಎಳೆಗಳಿಂದ ಇದು ಸಾಧ್ಯವಾಗುತ್ತದೆ. ಈ ಎಳೆಗಳು ಬಹುಮಟ್ಟಿಗೆ ಗರ್ಭದಲ್ಲಿಯೂ ಬಾಲ್ಯದಲ್ಲಿಯೂ ರೂಪುಗೊಳ್ಳುತ್ತವೆ. ಆಮೇಲೆ ಹೊಸದಾಗಿ ಹುಟ್ಟುವುದು ಅತ್ಯಲ್ಪ. ಕಾಲಕ್ರಮದಲ್ಲಿ ಅವು ತುಂಡಾಗಿ ಧಮನಿ ಬಿರುಸಾಗುತ್ತದೆ. ಬಿರುಸಾದ ಧಮನಿಯಲ್ಲಿ ನಾಡಿಯ ಅಲೆ ವೇಗವಾಗಿ ಓಡುತ್ತದೆ. ಕತ್ತಿನಿಂದ ತೊಡೆಯವರೆಗೆ ಅಳೆದ ಈ ವೇಗ ಸೆಕೆಂಡಿಗೆ 10 ಮೀಟರನ್ನು ದಾಟಿದರೆ ಅದನ್ನು ಧಮನಿಯ ಹಾನಿಯ ಸೂಚನೆಯೆಂದು ತಜ್ಞರು ಪರಿಗಣಿಸುತ್ತಾರೆ. ರಕ್ತದೊತ್ತಡದ ಮೇಲಿನ ಅಂಕಿ ಏರುತ್ತಾ, ಕೆಳಗಿನ ಅಂಕಿ ಇಳಿಯುತ್ತಾ ಹೋಗುವುದು ಇದೇ ಬಿರುಸುತನದ ಸುಲಭ ಗುರುತು.

ಇನ್ನೊಂದು ಗುರುತು, ಹೃದಯಕ್ಕೆ ರಕ್ತ ಪೂರೈಸುವ ಧಮನಿಗಳಲ್ಲಿ ಶೇಖರವಾಗುವ ಕ್ಯಾಲ್ಸಿಯಂ. 1990ರಲ್ಲಿ ಅಮೆರಿಕದ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು ಕ್ಷಕಿರಣ ಚಿತ್ರದಿಂದ ಇದಕ್ಕೆ ಅಂಕ ಕೊಡುವ ಕ್ರಮವನ್ನು ಪ್ರಕಟಿಸಿದರು. ಸೊನ್ನೆ ಬಂದವರಿಗೆ ಸಮೀಪದ ವರ್ಷಗಳಲ್ಲಿ ಅಪಾಯ ಬಹಳ ಕಡಮೆ. 400ನ್ನು ಮೀರಿದವರಿಗೆ ಬಹಳ ಹೆಚ್ಚು. ಆದರೆ ಇನ್ನೂ ಗಟ್ಟಿಯಾಗದ ಕೊಬ್ಬಿನ ಶೇಖರ ಈ ಅಂಕದಲ್ಲಿ ಕಾಣಿಸದು. ಆದುದರಿಂದ ಸೊನ್ನೆ ಬಂದ ಮಾತ್ರಕ್ಕೆ ಮೈಮರೆಯುವುದು ಉಚಿತವಲ್ಲ.

ಜೀವಕೋಶಗಳ ಗಡಿಯಾರ

ರಕ್ತನಾಳಗಳಿಂದ ಇನ್ನೂ ಒಳಗೆ, ಜೀವಕೋಶಗಳತ್ತ ಹೋದರೆ ಅಲ್ಲಿಯೂ ವಯಸ್ಸಿನ ಗುರುತುಗಳಿವೆ. ಕ್ರೋಮೋಸೋಮುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿದೆ. ಅದು ಪಾದರಕ್ಷೆಯ ದಾರದ ತುದಿಗೆ ಹಾಕಿದ ಕಟ್ಟಿನಂತೆ. ಕೋಶ ವಿಭಜನೆಗೊಂಡಂತೆಲ್ಲ ಅದು ಗಿಡ್ಡವಾಗುತ್ತದೆ. ಇದು ಕ್ರೋಮೋಸೋಮುಗಳನ್ನು ಕಾಪಾಡುವ ರೀತಿಯನ್ನು ಕಂಡುಹಿಡಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಮತ್ತು ಜ್ಯಾಕ್ ಶೋಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಗಿಡ್ಡ ಟೆಲೊಮಿಯರ್ ಇರುವವರಲ್ಲಿ ಹೃದ್ರೋಗ ತುಸು ಹೆಚ್ಚು ಎಂಬುದು ನಿಜವಾದರೂ, ಒಬ್ಬ ವ್ಯಕ್ತಿಯ ಭವಿಷ್ಯ ಹೇಳುವಷ್ಟು ಬಲವಾದ ನಂಟು ಅದಲ್ಲ.

2013ರಲ್ಲಿ ಸ್ಟೀವ್ ಹೊರ್ವಾತ್ ಎಂಬ ವಿಜ್ಞಾನಿ ಡಿಎನ್‌ಎಯ ಮೇಲಿನ 353 ಸ್ಥಾನಗಳಲ್ಲಿ ಅಂಟಿಕೊಂಡಿರುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳನ್ನು ಎಣಿಸಿ ವಯಸ್ಸನ್ನು ಹೇಳುವ ವಿಧಾನವನ್ನು ಪ್ರಕಟಿಸಿದರು. 2019ರಲ್ಲಿ ಬಂದ ಇದೇ ಜಾತಿಯ ಮತ್ತೊಂದು ಲೆಕ್ಕ, ಹೃದ್ರೋಗ ಮತ್ತು ಮರಣದ ಸಂಭವವನ್ನು ಮೊದಲಿನದಕ್ಕಿಂತ ಚೆನ್ನಾಗಿ ಸೂಚಿಸುತ್ತದೆ. ಆದರೆ ಇವು ಹೆಚ್ಚಾಗಿ ಜನಸಮೂಹಗಳ ಸಂಶೋಧನೆಗೆ ಒದಗುವ ಸಾಧನಗಳು. ಹೃದ್ರೋಗ ಚಿಕಿತ್ಸೆಯ ಮಾರ್ಗಸೂಚಿಗಳು ಇವನ್ನು ನಿತ್ಯದ ತಪಾಸಣೆಗೆ ಇನ್ನೂ ಸೇರಿಸಿಕೊಂಡಿಲ್ಲ. ದುಬಾರಿ ಬೆಲೆಗೆ 'ನಿಜವಾದ ವಯಸ್ಸು' ತಿಳಿಸುವ ಜಾಹೀರಾತುಗಳನ್ನು ನೋಡಿದಾಗ ಇದನ್ನು ನೆನಪಿನಲ್ಲಿಡುವುದು ಲೇಸು.

ಹಿಡಿತ ಮತ್ತು ನಡಿಗೆ

ಹಾಗಾದರೆ ಸಾಮಾನ್ಯರಿಗೆ ಎಟುಕುವ ಸೂಚಕಗಳಿಲ್ಲವೇ? ಇವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತು, ಕೆನಡಾದಲ್ಲಿ ವಿಶ್ವಖ್ಯಾತಿ ಗಳಿಸಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದ 'ಪ್ಯೂರ್' ಅಧ್ಯಯನದ ಒಂದು ವರದಿ 2015ರಲ್ಲಿ ಪ್ರಕಟವಾಯಿತು. ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತದ ಬಲವನ್ನು ಅಳೆದು ಅವರನ್ನು ವರ್ಷಗಟ್ಟಲೆ ಗಮನಿಸಲಾಗಿತ್ತು. ಹಿಡಿತ 5 ಕಿಲೋಗ್ರಾಂ ಕುಗ್ಗಿದಂತೆಲ್ಲ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವ ಸಂಭವ ನೂರಕ್ಕೆ 17ರಷ್ಟು ಹೆಚ್ಚುತ್ತಿತ್ತು. ಮರಣವನ್ನು ಸೂಚಿಸುವುದರಲ್ಲಿ ಹಿಡಿತವು ರಕ್ತದೊತ್ತಡದ ಮೇಲಿನ ಅಂಕಿಗಿಂತಲೂ ಮುಂದಿತ್ತು.

ನಡಿಗೆಯೂ ಹಾಗೆಯೇ. ಹೃದಯದ ಶಸ್ತ್ರಚಿಕಿತ್ಸೆಗೆ ಬಂದ ವೃದ್ಧರನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 5 ಮೀಟರು ನಡೆಯಲು 6 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡವರಿಗೆ ಸಾವು ಅಥವಾ ಗಂಭೀರ ತೊಡಕುಗಳ ಸಂಭವ ಉಳಿದವರ ಸುಮಾರು ಮೂರು ಪಟ್ಟು ಇತ್ತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸೂಚಕ ಬೇರೆ, ಕಾರಣ ಬೇರೆ. ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿಯದು. ಬರಿಯ ಮುಷ್ಟಿ ಹಿಸುಕಿ ಹೃದಯವನ್ನು ಕಾಯಲಾಗದು. ಕುಂದಿದ ಹಿಡಿತ, ನಿಧಾನಗೊಂಡ ನಡಿಗೆ ಇಡೀ ದೇಹದ ಸವೆತದ ವರದಿಗಳಷ್ಟೆ.

ನಮಗೇಕೆ ಈ ಚಿಂತೆ?

ಡಾ. ಯೂಸುಫ್ ಅವರದೇ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನದಲ್ಲಿ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಆದ ವಯಸ್ಸು ಸರಾಸರಿ 53. ಉಳಿದ ದೇಶಗಳವರಿಗೆ ಸುಮಾರು 59. ಎಂದರೆ ಮಕ್ಕಳ ವಿದ್ಯಾಭ್ಯಾಸ, ಮನೆಯ ಸಾಲ ಎರಡೂ ಮುಗಿಯದಿರುವ ವಯಸ್ಸಿನಲ್ಲಿ ನಮಗೆ ಗಂಡಾಂತರ. ಆದರೆ ಆ ಅಧ್ಯಯನ ಭರವಸೆಯನ್ನೂ ನೀಡಿತು. ಹೃದಯಾಘಾತದ ಬಹುಪಾಲು ಅಪಾಯಕ್ಕೆ ಒಂಬತ್ತು ಅಂಶಗಳೇ ಕಾರಣ: ಧೂಮಪಾನ, ರಕ್ತದ ಕೊಬ್ಬು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಕೊರತೆ ಮತ್ತು ಮದ್ಯದ ಅಭ್ಯಾಸ. ಇವುಗಳಲ್ಲಿ ಪ್ರತಿಯೊಂದನ್ನೂ ತಿದ್ದಿಕೊಳ್ಳಬಹುದು, ಇಲ್ಲವೆ ಹತೋಟಿಯಲ್ಲಿಡಬಹುದು.

ನಗರಕ್ಕೆ ಬಂದ ನಾವು ಊರಿನ ಊಟದ ರುಚಿಯನ್ನು ಉಳಿಸಿಕೊಂಡೆವು, ಊರಿನ ನಡಿಗೆಯನ್ನು ಬಿಟ್ಟೆವು. ರೈಲಿನಲ್ಲಿ ನೂಕುನುಗ್ಗಲು, ಕಚೇರಿಯಲ್ಲಿ ಕುರ್ಚಿ, ರಾತ್ರಿ ಹತ್ತಕ್ಕೆ ಊಟ ಇದೇ ದಿನಚರಿ. ನಲವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಮತ್ತು ಸೊಂಟದ ಸುತ್ತಳತೆಯನ್ನು ಅಳೆಸಿಕೊಳ್ಳಬೇಕು. ಸುತ್ತಳತೆ ನಮ್ಮ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರುಗಳ ಒಳಗಿರುವುದು ಹಿತ. ರೈಲ್ವೆ ಸೇತುವೆಯನ್ನು ಹತ್ತುವಾಗ ಹಿಂದಿಲ್ಲದ ಏದುಸಿರು ಅಥವಾ ಎದೆಯ ಬಿಗಿತ ಕಂಡರೆ ಅದನ್ನು ವಯಸ್ಸಿನ ಮೇಲೆ ಹೊರಿಸದೆ ಬೇಗನೆ ವೈದ್ಯರನ್ನು ಕಾಣಬೇಕು. ವಿಶ್ರಾಂತಿಯಲ್ಲಿಯೂ ಎದೆನೋವು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಪುಸ್ತಕದ ವಯಸ್ಸು ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಹೃದಯದ ವಯಸ್ಸಿನ ಲೆಕ್ಕ ಹಾಗಲ್ಲ. ರಕ್ತದೊತ್ತಡ ಇಳಿದರೆ, ಸಿಗರೇಟು ಬಿಟ್ಟರೆ ಅದು ಹಿಂದಕ್ಕೂ ಬರಬಲ್ಲದು. ವೈದ್ಯರು ಹೇಳಿದ ಮಾತ್ರೆಯನ್ನು ತಪ್ಪದೆ ನುಂಗಿ, ಮನೆಗೆ ಬರುವಾಗ ಒಂದು ನಿಲ್ದಾಣ ಮೊದಲೇ ಇಳಿದು ನಡೆದು, ಉಪ್ಪಿನಕಾಯಿ ಹಪ್ಪಳಗಳನ್ನು ಹಬ್ಬಕ್ಕೆ ಮೀಸಲಿಟ್ಟು, ಎರಡು ವರ್ಷಗಳ ಬಳಿಕ ನಾನು ಮತ್ತೆ ಲೆಕ್ಕ ಹಾಕಿಸಿದೆ. 48ರ ನನಗೆ ಹೃದಯದ ವಯಸ್ಸು 51 ಎಂದು ಬಂದಿತು. ಇನ್ನೂ ಮೂರು ವರ್ಷದ ಬಾಕಿ ಇದೆ. ಕಂತು ಕಂತಾಗಿ ತೀರಿಸುತ್ತಿದ್ದೇನೆ. ಸಂಘದ ಬಂಧುಗಳೆಲ್ಲರೂ ತಮ್ಮ ತಮ್ಮ ಲೆಕ್ಕವನ್ನು ಈ ವರ್ಷವೇ ತೆರೆದು ನೋಡಲಿ ಎಂಬುದು ನನ್ನ ವಿನಮ್ರ ವಿನಂತಿ.